ಗಿಟಾರ್ ನುಡಿಯುತ್ತಿರುವಾಗ ಹಾರ ತರಬೇಡಿ

ಹಾಸನದ ಉತ್ಸವ ಸಮಿತಿಗಳ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಸಂಘ-ಸಂಸ್ಥೆಗಳ ಪದಾಧಿಕಾರಿಗಳೇ, ಸಭಾಂಗಣಗಳ ಬೀಗದ ಕೈ ಇಟ್ಟುಕೊಂಡಿರುವ ಮಹನೀಯರೇ,

ನಮಸ್ಕಾರ.

ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಮುಖ ಗೊತ್ತು, ಹೆಸರು ಗೊತ್ತಿರಲಿಕ್ಕಿಲ್ಲ. ವೇದಿಕೆಯ ಎಡಗಡೆ, ಪರದೆ ಪಕ್ಕದಲ್ಲಿ, ಮಿಕ್ಸರ್ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತೇನಲ್ಲ, ಅವನೇ ನಾನು. ಮೈಕ್ ಕೂಗಿದಾಗ ಎಲ್ಲರೂ ತಿರುಗಿ ನೋಡುವುದು ನನ್ನನ್ನೇ. ಕೂಗದೇ ಇದ್ದಾಗ ಯಾರೂ ನೋಡುವುದಿಲ್ಲ. ನಮ್ಮ ಕೆಲಸ ಚೆನ್ನಾಗಿ ನಡೆದಿದೆ ಅನ್ನುವುದಕ್ಕೆ ಅದೇ ಗುರುತು.

ಮೂವತ್ತೈದು ವರ್ಷದ ಮೇಲಾಯಿತು, ಹಾಸನದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಶುರು ಮಾಡಿದಾಗ ಇದ್ದದ್ದು ಒಂದು ಆಂಪ್ಲಿಫೈಯರ್, ಎರಡು ಹಾರನ್, ಒಂದು ಟೇಪ್ ರೆಕಾರ್ಡರ್, ಒಂದು ಸೈಕಲ್. ತೆಂಗಿನ ಮರ ಹತ್ತಿ ಹಾರನ್ ಕಟ್ಟಿ, ಮದುವೆ ಮನೆಗೆ ಬೆಳಗಿನ ಜಾವ ಸುಪ್ರಭಾತ ಹಾಕುತ್ತಿದ್ದೆ. ಈಗ ಡಿಜಿಟಲ್ ಮಿಕ್ಸರ್ ಬಂದಿದೆ, ಮೂರು ಜನ ಹುಡುಗರಿದ್ದಾರೆ, ಟಾಟಾ ಏಸ್ ಇದೆ. ನಿಮ್ಮ ಭಾಷಣಗಳನ್ನು ನನ್ನಷ್ಟು ಕೇಳಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಇಷ್ಟು ವರ್ಷ ನಿಮ್ಮ ಮಾತು ನಾನು ಕೇಳಿದ್ದೇನೆ, ಒಂದು ಸಲ ನನ್ನ ಮಾತು ನೀವು ಕೇಳಿ.

ಕೇಳುತ್ತಿರುವುದು ಇಷ್ಟೇ. ವರ್ಷಕ್ಕೆ ಒಂದು ಸಂಜೆ, ಹಾಸನದ ಯಾವುದಾದರೂ ಒಂದು ಸಭಾಂಗಣದಲ್ಲಿ, ಒಂದು ಜಾಝ್ ಗಿಟಾರ್ ಕಚೇರಿ ಇಡಿಸಿ. ಒಂದೂವರೆ ಗಂಟೆ ಸಾಕು. ಆ ಒಂದೂವರೆ ಗಂಟೆ ಬೇರೆ ಯಾರೂ ವೇದಿಕೆ ಹತ್ತಬಾರದು.

"ಜಾಝಾ? ಹಾಸನದಲ್ಲಾ?" ಅಂತ ನೀವು ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಸ್ವಲ್ಪ ತಾಳಿ.

ಈ ಹುಚ್ಚು ನನಗೆ ಹಿಡಿದದ್ದು ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ. ಆಗ ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಆ ಮನೆಯ ಸಾಹುಕಾರರು ಟೇಪ್ ಡೆಕ್ ಕೆಟ್ಟಿದೆ, ಬಂದು ನೋಡು ಅಂತ ಹೇಳಿ ಕಳಿಸಿದ್ದರು. ಆಗಸ್ಟ್ ತಿಂಗಳ ಮಳೆ. ಬಸ್ಸಿಳಿದು ಎರಡು ಮೈಲಿ ನಡೆದು ಹೋಗುವಷ್ಟರಲ್ಲಿ ಕೊಡೆ ಇದ್ದೂ ಇಲ್ಲದ ಹಾಗಾಗಿತ್ತು. ಡೆಕ್ಕಿಗೆ ದೊಡ್ಡ ರೋಗವೇನೂ ಇರಲಿಲ್ಲ. ಹೆಡ್ಡಿನ ಮೇಲೆ ಕಂದು ಬಣ್ಣದ ಮಣ್ಣು ಕೂತಿತ್ತು, ಬೂಷ್ಟು ಬೇರೆ. ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ, "ಒಂದು ಕ್ಯಾಸೆಟ್ ಕೊಡಿ ಸಾರ್, ಟೆಸ್ಟ್ ಮಾಡ್ತೀನಿ" ಅಂದೆ. ಅವರು ಕೈಗೆ ಸಿಕ್ಕಿದ್ದನ್ನು ಕೊಟ್ಟರು.

ಘಟ ಕೇಳಿಸಿತು. ತಬಲ ಕೇಳಿಸಿತು. ಪಿಟೀಲು ಬಂತು. ಸರಿ, ಯಾವುದೋ ಕಚೇರಿ ಅಂದುಕೊಂಡೆ. ಆದರೆ ಪಿಟೀಲಿನ ಜೊತೆಗೇ ಇನ್ನೊಂದು ತಂತಿ ವಾದ್ಯ ಓಡುತ್ತಿತ್ತು. ಅಂಥ ಓಟ ನಾನು ಕೇಳಿರಲಿಲ್ಲ. ಮೊದಲು ಮ್ಯಾಂಡೊಲಿನ್ ಅಂದುಕೊಂಡೆ, ಆಮೇಲೆ ವೀಣೆ ಇರಬಹುದಾ ಅನ್ನಿಸಿತು. "ಗಿಟಾರ್ ಕಣೋ ಅದು, ಇಂಗ್ಲೆಂಡಿನವನು ನುಡಿಸ್ತಿರೋದು" ಅಂದು ಸಾಹುಕಾರರು ನಕ್ಕರು. ಕೊನೆಗೆ ಚಪ್ಪಾಳೆ ಬಂತು. ಆಗ ಗೊತ್ತಾಯಿತು, ಇದು ಸ್ಟುಡಿಯೋದಲ್ಲಿ ತುಂಡು ತುಂಡು ಮಾಡಿ ಅಂಟಿಸಿದ್ದಲ್ಲ, ಜನರ ಮುಂದೆ ಕೂತು ನುಡಿಸಿದ್ದು. ರಿಪೇರಿ ದುಡ್ಡು ಬೇಡ, ಈ ಕ್ಯಾಸೆಟ್ಟಿನ ಒಂದು ಕಾಪಿ ಮಾಡಿಕೊಳ್ಳುತ್ತೇನೆ ಅಂದೆ. ದುಡ್ಡೂ ಕೊಟ್ಟರು, ಕಾಪಿಗೂ ಬಿಟ್ಟರು, ಮೇಲೆ ಒಂದು ಲೋಟ ಕಾಫಿ.

ಆ ಇಂಗ್ಲೆಂಡಿನವರ ಹೆಸರು ಜಾನ್ ಮೆಕ್‌ಲಾಫ್ಲಿನ್. ಹುಟ್ಟಿದ್ದು 1942ರ ಜನವರಿ 4ರಂದು, ಯಾರ್ಕ್‌ಶೈರಿನ ಡಾನ್‌ಕಾಸ್ಟರಿನಲ್ಲಿ. ತಾಯಿ ಪಿಟೀಲು ನುಡಿಸುತ್ತಿದ್ದರು. ಇವರ ಕೈಗೆ ಗಿಟಾರ್ ಬಂದದ್ದು ಹನ್ನೊಂದನೇ ವಯಸ್ಸಿಗೆ. 1969ರಲ್ಲಿ ನ್ಯೂಯಾರ್ಕಿಗೆ ಹೋದರು. ಹೋದ ಕೆಲವೇ ದಿನಕ್ಕೆ, ಫೆಬ್ರವರಿ 18ರಂದು, ಮೈಲ್ಸ್ ಡೇವಿಸ್ ಅವರ ರೆಕಾರ್ಡಿಂಗಿನಲ್ಲಿ ಕೂತಿದ್ದರು. ಮೈಲ್ಸ್ ಅಂದರೆ ಜಾಝ್ ಲೋಕದ ದೊಡ್ಡ ಯಜಮಾನ. ಅದೇ ವರ್ಷ ಆಗಸ್ಟಿನಲ್ಲಿ ಮಾಡಿದ 'ಬಿಚಸ್ ಬ್ರೂ' ಆಲ್ಬಮ್ಮಿನಲ್ಲಿ ಒಂದು ತುಣುಕಿಗೆ ಮೈಲ್ಸ್ ಈ ಹುಡುಗನ ಹೆಸರನ್ನೇ ಇಟ್ಟುಬಿಟ್ಟರು. ಇಪ್ಪತ್ತೇಳು ವಯಸ್ಸು! ನಮ್ಮಲ್ಲಿ ಆ ವಯಸ್ಸಿನ ಕಲಾವಿದನಿಗೆ ಆಹ್ವಾನ ಪತ್ರಿಕೆಯಲ್ಲಿ ಹೆಸರು ಸಿಗಬೇಕಾದರೆ ಕೊನೆಯ ಸಾಲಿನಲ್ಲಿ, 'ಮತ್ತು ತಂಡ' ಅನ್ನುವುದರ ಒಳಗೆ ಹುಡುಕಬೇಕು.

1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಗುರುಗಳಾಗಿದ್ದ ಶ್ರೀ ಚಿನ್ಮಯ್ ಕೊಟ್ಟಿದ್ದ ಹೆಸರು ಮಹಾವಿಷ್ಣು. ಹೆಸರು ಕೇಳಿ ಭಜನಾ ಮಂಡಳಿ ಅಂದುಕೊಳ್ಳಬೇಡಿ. ಎರಡು ಕತ್ತಿನ ಎಲೆಕ್ಟ್ರಿಕ್ ಗಿಟಾರ್, ಒಂದು ಕತ್ತಿಗೆ ಆರು ತಂತಿ, ಇನ್ನೊಂದಕ್ಕೆ ಹನ್ನೆರಡು. ಜೊತೆಗೆ ಬಿಲ್ಲಿ ಕಾಬ್‌ಹ್ಯಾಮ್ ಅವರ ಡ್ರಮ್ಸ್. ಆ ಕಾಲದ ಅತಿ ಜೋರು ಬ್ಯಾಂಡುಗಳಲ್ಲಿ ಅದೂ ಒಂದು. ಏಳು, ಹತ್ತು, ಹದಿನಾಲ್ಕು ಅಂತ ತಿರುಗುವ ಲೆಕ್ಕಗಳು. ನನಗೆ ಈ ಬ್ಯಾಂಡಿನ ರೆಕಾರ್ಡು ಅಷ್ಟೇನೂ ಹಿಡಿಸಲಿಲ್ಲ, ನಿಜ ಹೇಳಬೇಕಲ್ಲ. ದಿನವಿಡೀ ಜೋರು ಸದ್ದಿನಲ್ಲೇ ದುಡಿಯುವವನು ಮನೆಗೆ ಬಂದೂ ಅದನ್ನೇ ಹಾಕಿಕೊಂಡು ಕೂರಲಾರ.

ನನಗೆ ಸೋಜಿಗ ಅನ್ನಿಸುವುದು ಆಮೇಲಿನ ಕಥೆ. ಅಷ್ಟು ಜೋರು ಬ್ಯಾಂಡು, ಅಷ್ಟು ಹೆಸರು, ದುಡ್ಡು. ಆ ಮನುಷ್ಯ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯಲು ಹೋಗಿ ಕೂತರು. ಪಿಟೀಲಿಗೆ ಎಲ್. ಶಂಕರ್, ತಬಲಕ್ಕೆ ಜಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಮ್. ಇವರೊಂದಿಗೆ 'ಶಕ್ತಿ' ತಂಡ ಕಟ್ಟಿ, ವೇದಿಕೆ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಚೇರಿಯೇ ಅವರ ಮೊದಲ ಆಲ್ಬಂ ಆಯಿತು. ನಾನು ಎಸ್ಟೇಟಿನಲ್ಲಿ ಕೇಳಿದ್ದು ಅದನ್ನೇ.

ಇಲ್ಲಿ ಆ ಗಿಟಾರಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಎತ್ತರವಾಗಿ ಕೂರಿಸಿರುತ್ತಾರೆ. ಇಪ್ಪತ್ನಾಲ್ಕು ಮೆಟ್ಟಿಲು. ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದರೆ ಸ್ವರ ಜಾರುತ್ತದೆ, ಗಮಕ ಹುಟ್ಟುತ್ತದೆ. ಗಿಟಾರಿನಲ್ಲಿ ಮೆಟ್ಟಿಲು ಗಿಡ್ಡ, ಬೆರಳಿಗೆ ಕೆಳಗಿನ ಮರ ತಾಗುತ್ತದೆ, ಅಷ್ಟು ಸಲೀಸಾಗಿ ಎಳೆಯಲು ಬರುವುದಿಲ್ಲ. ಗಿಬ್ಸನ್ ಕಂಪನಿಗೆ ಕೆಲಸ ಮಾಡುತ್ತಿದ್ದ ಏಬ್ರಹಾಂ ವೆಕ್ಟರ್ ಅನ್ನುವ ಕುಶಲಿಗ ಮೆಕ್‌ಲಾಫ್ಲಿನ್ ಅವರಿಗಾಗಿಯೇ ಬೇರೆ ಥರದ ಗಿಟಾರ್ ಮಾಡಿಕೊಟ್ಟರು. ಎರಡು ಮೆಟ್ಟಿಲ ನಡುವಿನ ಮರವನ್ನು ಸೌಟಿನ ಹಾಗೆ ಕೆತ್ತಿ ಹಳ್ಳ ಮಾಡಿದರು. ಈಗ ಬೆರಳಿಗೆ ಮರ ಸಿಗುವುದಿಲ್ಲ, ತಂತಿ ಮಾತ್ರ ಸಿಗುತ್ತದೆ. ಎಷ್ಟು ಬೇಕೋ ಅಷ್ಟು ಎಳೆಯಬಹುದು. ಮೇಲೆ ಮಾಮೂಲಿ ಆರು ತಂತಿ. ಅದರ ಕೆಳಗೆ ಅಡ್ಡವಾಗಿ, ಓರೆಯಾಗಿ ಇನ್ನೂ ಏಳು ತಂತಿ, ಶ್ರುತಿಗೆ. ಮಧ್ಯೆ ಮಧ್ಯೆ ಅದನ್ನು ಝಲ್ ಅನಿಸಿದರೆ ತಂಬೂರಿ ಜೊತೆಗಿದ್ದ ಹಾಗೆ ಆಗುತ್ತದೆ.

ವಾದ್ಯವನ್ನು ಬಿಡದೆ, ವಾದ್ಯ ಕಲಿಯಬೇಕಾದ್ದನ್ನು ಅದಕ್ಕೆ ಕಲಿಸುವುದು. ಇದು ನಮಗೆ ಹೊಸದೇನೂ ಅಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿ ಸಾಲದು ಅಂತ ಏಳು ತಂತಿಯ ಪಿಟೀಲು ಮಾಡಿಸಿಕೊಂಡಿದ್ದರು. ಆಗ ಎಲ್ಲ ಕಡೆ ಮೈಕ್ ಇರಲಿಲ್ಲ, ಹಿಂದೆ ಕೂತವನಿಗೂ ಕೇಳಿಸಬೇಕಲ್ಲ. ಹಿಂದಿನ ಸಾಲಿನವನ ಬಗ್ಗೆ ಯೋಚನೆ ಮಾಡಿದ ಆ ಮನುಷ್ಯರ ಮೇಲೆ ನನ್ನಂಥವನಿಗೆ ಸುಮ್ನೆ ಗೌರವ ಬರುತ್ತದೆಯೇ? ಅವರ ಕಾಲದಲ್ಲಿ ನನ್ನ ಕೆಲಸವನ್ನೂ ಅವರೇ ಮಾಡಿಕೊಳ್ಳುತ್ತಿದ್ದರು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಈ ಪತ್ರ ಬರೆಸಿದ್ದೇ ಅದು.

ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಸಭಾಂಗಣ. ಯಾವುದು ಅಂತ ಬೇಡ. ಸಾಂಸ್ಕೃತಿಕ ಸಂಜೆ. ಬೆಂಗಳೂರಿನಿಂದ ಒಬ್ಬ ಗಿಟಾರ್ ಹುಡುಗ ಬಂದಿದ್ದ, ಜೊತೆಗೆ ಬೇಸ್ ಗಿಟಾರಿಗೆ ಒಬ್ಬ, ಡ್ರಮ್ಸಿಗೆ ಒಬ್ಬ. ಭರತನಾಟ್ಯಕ್ಕೂ ಸನ್ಮಾನಕ್ಕೂ ನಡುವೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಸೌಂಡ್ ಚೆಕ್ಕಿಗೆ ಹುಡುಗ ಮಧ್ಯಾಹ್ನ ಎರಡಕ್ಕೇ ಬಂದು ಗೇಟಿನಲ್ಲಿ ನಿಂತಿದ್ದ, ಬೀಗ ತೆಗೆದದ್ದು ಐದೂವರೆಗೆ. ಗಿಟಾರ್ ಜಾಕ್ ಹಾಕಿದ ಕೂಡಲೇ 'ಗುಂಯ್' ಅಂತ ಹಮ್. ಅರ್ತಿಂಗ್ ಸರಿ ಇಲ್ಲ, ಮೇಲೆ ಹಳೇ ಟ್ಯೂಬ್‌ಲೈಟು. ಹುಡುಗ ಬೈಯಲಿಲ್ಲ. ವೇದಿಕೆ ಮೇಲೆ ನಿಧಾನಕ್ಕೆ ಒಂದು ಸುತ್ತು ತಿರುಗಿದ. ಗಿಟಾರಿನ ಪಿಕಪ್ಪು, ಅಂದರೆ ತಂತಿಯ ಸದ್ದು ಹಿಡಿಯುವ ಭಾಗ, ಹಮ್ಮನ್ನು ಹಿಡಿಯುವುದು ಅದು ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ. ಒಂದು ಮೂಲೆ ಕಡೆ ತಿರುಗಿದಾಗ ಹಮ್ ನಿಂತಿತು. "ಇಲ್ಲೇ ನಿಂತ್ಕೊಂಡು ನುಡಿಸ್ತೀನಿ ಅಣ್ಣ" ಅಂದ. ಜನರಿಗೆ ಅರ್ಧ ಬೆನ್ನು ಹಾಕಿ ನಿಂತ. ಸಭೆಗೆ ಅವಮಾನ ಅಂತ ಮುಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದೂ ಕೇಳಿಸಿತು.

ಮೊದಲ ಏಳೆಂಟು ನಿಮಿಷ ಜನ ಮಾತಾಡುತ್ತಲೇ ಇದ್ದರು. ಆಮೇಲೆ ಒಂದೊಂದೇ ಸಾಲು ಸುಮ್ಮನಾಯಿತು. ಹಿಂದಿನ ಸಾಲಿನಲ್ಲಿ ಹೂ ಮಾರುವ ಅಜ್ಜಿ ಬುಟ್ಟಿ ಕೆಳಗಿಟ್ಟು ಕೂತದ್ದನ್ನು ನಾನೇ ನೋಡಿದೆ. ಹುಡುಗ ಆಗಷ್ಟೇ ಒಂದು ಕಡೆ ಹೊರಟಿದ್ದ. ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಡ್ರಮ್ಸಿನವನು ಕಡ್ಡಿ ಬಿಟ್ಟು ಬ್ರಷ್ಷು ಹಿಡಿದಿದ್ದ, ಇವನ ಕೈಯನ್ನೇ ನೋಡುತ್ತಿದ್ದ.

ಬಾಗಿಲಲ್ಲಿ ಗಲಾಟೆ. ಮುಖ್ಯ ಅತಿಥಿ ಬಂದರು. ಕಾರ್ಯದರ್ಶಿ ಓಡಿ ಬಂದು ನನಗೆ ಕೈ ಸನ್ನೆ ಮಾಡಿದರು. ಅಂಗೈ ಕೆಳಗೆ ಮಾಡಿ ಒತ್ತಿದ ಹಾಗೆ. "ಇಳ್ಸಿ, ಇಳ್ಸಿ." ನಾನು ಫೇಡರ್ ಇಳಿಸಿದೆ.

ಹುಡುಗ ನಾಲ್ಕೈದು ಏಟು ಹಾಗೇ ನುಡಿಸಿದ. ಬೆರಳು ಓಡುತ್ತಿದೆ, ಸದ್ದಿಲ್ಲ. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದ. ಅತಿಥಿಗಳ ಕಡೆಯೂ ಅಲ್ಲ, ಕಾರ್ಯದರ್ಶಿ ಕಡೆಯೂ ಅಲ್ಲ. ನನ್ನ ಕಡೆ.

ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. "ಹೊಯ್ಸಳರ ನಾಡು, ಶಿಲ್ಪಕಲೆಯ ಬೀಡು" ಅಂತ ಶುರುವಾದ ಭಾಷಣ ಮುಕ್ಕಾಲು ಗಂಟೆ. ಆಮೇಲೆ ನಿರೂಪಕರು "ಗಿಟಾರ್ ವಾದನ ಈಗ ಮುಂದುವರಿಯುತ್ತದೆ" ಅಂದರು. ಅದೇನು ಧಾರಾವಾಹಿಯೇ ಮುಂದುವರಿಯಲು? ಹುಡುಗ ಎಲ್ಲರಿಗೂ ಗೊತ್ತಿರುವ ಒಂದು ಸಿನಿಮಾ ಹಾಡಿನ ಧಾಟಿ ನುಡಿಸಿ, ಕೈ ಮುಗಿದು ಇಳಿದ. ಚಪ್ಪಾಳೆ ಅದಕ್ಕೇ ಜಾಸ್ತಿ ಬಂತು.

ಸಾಮಾನು ಕಟ್ಟುವಾಗ ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವನೇ ನನ್ನ ಕೇಬಲ್ಲುಗಳನ್ನು ಸುತ್ತಿ ಕೊಟ್ಟ. ನಮ್ಮ ಹುಡುಗರು ಮೊಣಕೈಗೆ ಸುತ್ತುತ್ತಾರೆ, ಒಳಗಿನ ತಂತಿ ತಿರುಚಿ ಆರು ತಿಂಗಳಿಗೆ ಹೋಗುತ್ತದೆ. ಅವನು ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ ಹಾಕಿ ಚೆಂದವಾಗಿ ಸುತ್ತಿದ. "ಹಿಂಗೆ ಸುತ್ತಿದ್ರೆ ಬಾಳಿಕೆ ಬರುತ್ತೆ ಅಣ್ಣ" ಅಂದ. ಅಷ್ಟೇ ಅವನಾಡಿದ ಮಾತು.

ಜಾಝ್ ಅಂದರೆ ಏನು ಅಂತ ಕೇಳುವವರಿಗೆ ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. ಒಂದು ಧಾಟಿ ಇರುತ್ತದೆ. ಅದರ ಕೆಳಗೆ ಹನ್ನೆರಡೋ ಮೂವತ್ತೆರಡೋ ಬಾರಿನ (ಬಾರ್ ಅಂದರೆ ನಮ್ಮ ಆವರ್ತದ ಥರ) ಒಂದು ಲೆಕ್ಕ ಗಾಣದ ಹಾಗೆ ಸುತ್ತುತ್ತಿರುತ್ತದೆ. ಮೊದಲು ಎಲ್ಲರೂ ಸೇರಿ ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೂ ಆ ಲೆಕ್ಕ ಬಿಡದೆ, ಧಾಟಿಯನ್ನು ಬಿಟ್ಟು, ಆ ಹೊತ್ತಿಗೆ ತೋಚಿದ್ದನ್ನು ನುಡಿಸುತ್ತಾರೆ. ಉಳಿದವರು ಅದನ್ನು ಕೇಳಿಸಿಕೊಂಡು ಅದಕ್ಕೆ ತಕ್ಕ ಹಾಗೆ ಬದಲಾಗುತ್ತಾರೆ. ಕೊನೆಗೆ ಎಲ್ಲರೂ ಧಾಟಿಗೆ ವಾಪಸ್. ನಮ್ಮವರು ಮನೋಧರ್ಮ ಅನ್ನುವುದು ಇದನ್ನೇ ಅಲ್ವಾ? ಪಲ್ಲವಿ ಹಿಡಿದು ನೆರವಲು ಮಾಡಿ, ಸ್ವರ ಹಾಕಿ, ತಾಳವಾದ್ಯದವರಿಗೆ ತನಿ ಆವರ್ತನ ಬಿಟ್ಟು ಮತ್ತೆ ಪಲ್ಲವಿಗೆ ಬರುವವರಿಗೆ ಇದು ಅರ್ಥವಾಗದೆ ಇರುವುದು ಹೇಗೆ. ತನಿ ಶುರುವಾದ ಕೂಡಲೇ ಕಾಫಿಗೆ ಏಳುವ ಅಭ್ಯಾಸವೂ ನಮ್ಮದೇ, ಅದು ಬೇರೆ ಮಾತು.

ಹಾಗಾಗಿ ಮಧ್ಯೆ ನಿಲ್ಲಿಸಿದರೆ ಹೋಯಿತು. ನುಡಿಸುವವನ ಹತ್ತಿರ ಬರೆದಿಟ್ಟ ಕಾಗದ ಇರುವುದಿಲ್ಲ, ಬಿಟ್ಟ ಸಾಲಿನಿಂದ ಓದಲು.

ಮೆಕ್‌ಲಾಫ್ಲಿನ್ ಅವರ ಬದುಕನ್ನು ನಾನು ಇಷ್ಟು ಹಿಡಿದುಕೊಂಡಿರುವುದೂ ಇದಕ್ಕೇ. ಅವರ ಒಳ್ಳೆಯ ಸಂಗೀತದಲ್ಲಿ ಬಹಳಷ್ಟು ವೇದಿಕೆ ಮೇಲೆ ಹುಟ್ಟಿದ್ದು. 1980ರ ಡಿಸೆಂಬರ್ 5, ಶುಕ್ರವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರ್. ಪಾಕೊ ದೆ ಲೂಸಿಯಾ, ಅಲ್ ಡಿ ಮಿಯೋಲಾ, ಜೊತೆಗೆ ಮೆಕ್‌ಲಾಫ್ಲಿನ್. ಮೂರೇ ಗಿಟಾರು. ಡ್ರಮ್ಸಿಲ್ಲ, ಬೇಸಿಲ್ಲ. ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರು ಹಿಡಿದು ತಿರುಗಿಸಿ ಕೊಡುತ್ತಾರೆ, ಜನ ಕಿರುಚುತ್ತಾರೆ, ಒಬ್ಬರು ನಗುತ್ತಾರೆ. ಹೆಚ್ಚು ಕಡಿಮೆ ಆ ಒಂದು ರಾತ್ರಿಯೇ ರೆಕಾರ್ಡ್ ಆಗಿ ಹೊರಬಂದು, ಇವತ್ತಿಗೂ ಗಿಟಾರ್ ಕಲಿಯುವ ಮಕ್ಕಳ ಕೈ ನಡುಗಿಸುತ್ತಿದೆ. ಆ ರಾತ್ರಿ ಮಧ್ಯದಲ್ಲಿ ಯಾರಾದರೂ ಹಾರ ತಂದಿದ್ದರೆ?

2017ರಲ್ಲಿ, ಎಪ್ಪತ್ತೈದನೇ ವಯಸ್ಸಿನಲ್ಲಿ, ಅಮೆರಿಕದ ಕೊನೇ ಪ್ರವಾಸ ಅಂತ ಹೇಳಿ ಹೊರಟರು. ಆ ಡಿಸೆಂಬರಿನಲ್ಲಿ ಅದೇ ವಾರ್‌ಫೀಲ್ಡಿಗೆ ಹೋಗಿ ಮಹಾವಿಷ್ಣು ಕಾಲದ್ದನ್ನೆಲ್ಲ ಮತ್ತೆ ನುಡಿಸಿದರು, ಅದೂ ರೆಕಾರ್ಡ್ ಆಗಿ ಬಂತು. ಮುಗಿಯಿತು ಅಂದುಕೊಂಡರೆ 2023ರಲ್ಲಿ, ಎಂಬತ್ತೊಂದಕ್ಕೆ, ಶಕ್ತಿಯ ಐವತ್ತನೇ ವರ್ಷ ಅಂತ ಮತ್ತೆ ಹೊರಟರು! ಈ ಸಲ ಜಾಕಿರ್ ಹುಸೇನ್ ಜೊತೆಗೆ ಶಂಕರ್ ಮಹಾದೇವನ್, ಪಿಟೀಲಿಗೆ ಗಣೇಶ್ ರಾಜಗೋಪಾಲನ್, ತಾಳವಾದ್ಯಕ್ಕೆ ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್. ಅಪ್ಪನ ಜೊತೆ ನುಡಿಸಿದವರು ಮಗನ ಜೊತೆಗೂ ನುಡಿಸಿದರು. ಆ ತಂಡದ 'ದಿಸ್ ಮೊಮೆಂಟ್' ಆಲ್ಬಮ್ಮಿಗೆ 2024ರಲ್ಲಿ ಗ್ರ್ಯಾಮಿ ಬಂತು.

2023ರ ಜನವರಿಯಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು. ನನಗೆ ಹೋಗಲಾಗಲಿಲ್ಲ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾಗಿದ್ದವು, ಸೆಟ್ ಮೂರು ಕಡೆ ಹಂಚಿ ಹೋಗಿತ್ತು. ಹೊಟ್ಟೆಪಾಡು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹೋದಳು. ರಾತ್ರಿ ಫೋನ್ ಮಾಡಿ, ಏನೇನು ನುಡಿಸಿದರು ಅಂತ ಹೇಳುತ್ತಾಳೆ ಅಂದುಕೊಂಡರೆ, "ಅಪ್ಪಾ, ಯಾರೂ ಮಧ್ಯ ಎದ್ದು ಹೋಗ್ಲಿಲ್ಲ ಅಪ್ಪಾ" ಅಂದಳು. ಚಿಕ್ಕಂದಿನಿಂದ ನನ್ನ ಜೊತೆ ಮಿಕ್ಸರ್ ಪಕ್ಕ ಕೂತು ಬೆಳೆದವಳಿಗೆ ಅದೇ ದೊಡ್ಡ ಸುದ್ದಿ. ಮರುವರ್ಷ, 2024ರ ಡಿಸೆಂಬರ್ 15ರಂದು, ಜಾಕಿರ್ ಹುಸೇನ್ ಹೋಗಿಬಿಟ್ಟರು. ಆ ಜೋಡಿಯನ್ನು ಮುಂದಿನ ಸಲ ನೋಡಿದರಾಯಿತು ಅಂದುಕೊಂಡಿದ್ದೆ.

"ನಮ್ಮೂರಲ್ಲಿ ಇದನ್ನ ಯಾರ್ ಕೇಳ್ತಾರೆ ಬಿಡ್ರೀ" ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರರು ಹುಟ್ಟಿದ್ದು ನಮ್ಮ ಹಾಸನ ತಾಲ್ಲೂಕಿನ ಗಡ್ಡವಳ್ಳಿಯಲ್ಲಿ, 1920ರಲ್ಲಿ. ಅದೇ ವರ್ಷ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದರು. ರುದ್ರಪಟ್ಟಣಕ್ಕೆ ಹೋದರೆ ಕಾವೇರಿ ದಂಡೆಯಲ್ಲಿ ತಂಬೂರಿ ಆಕಾರದ ಮಂದಿರವೇ ನಿಂತಿದೆ. ಒಂದು ಊರು ತುಂಬ ಸಂಗೀತಗಾರರಿದ್ದ ಜಿಲ್ಲೆ ಇದು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ದಂಪತಿ ತಮ್ಮ ತಾಳವಾದ್ಯ ಕಾಲೇಜಿನ ತಂಡ ಕಟ್ಟಿಕೊಂಡು, ಚಾರ್ಲಿ ಮಾರಿಯಾನೊ ಅನ್ನುವ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ಕಲಾವಿದರ ಜೊತೆ 1980ರ ದಶಕದಲ್ಲೇ ರೆಕಾರ್ಡು ಮಾಡಿದ್ದರು. ಸ್ಯಾಕ್ಸೊಫೋನಿನಲ್ಲಿ ಕದ್ರಿ ಗೋಪಾಲನಾಥರು ರಾಗ ನುಡಿಸಿದಾಗ ಇದು ನಮ್ಮದಲ್ಲ ಅಂತ ಯಾರು ಎದ್ದು ಹೋದರು? ಮೆಕ್‌ಲಾಫ್ಲಿನ್ ಅಂತೂ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲು ಕಲಿತು, ಅದನ್ನು ಕಲಿಸಲು ಸೆಲ್ವಗಣೇಶ್ ಜೊತೆ ಸೇರಿ ಡಿವಿಡಿಯನ್ನೇ ಮಾಡಿದರು. ತಕಿಟ ತಕದಿಮಿ ಅಂತ ತೊಡೆ ತಟ್ಟುತ್ತಾ ಏಳು ಎಣಿಸುವ ಗಿಟಾರಿನವರು ಅವರು. ನಮ್ಮಲ್ಲಿ ಮೃದಂಗದ ಪಾಠಕ್ಕೆ ಹೋಗುವ ಎಂಟನೇ ಕ್ಲಾಸಿನ ಹುಡುಗನಿಗೂ ಆ ಏಳು ಗೊತ್ತು.

ಇನ್ನು ಗಿಟಾರ್ ಮಕ್ಕಳು. ಸಂಜೆ ಹೊತ್ತು ಸಾಲಗಾಮೆ ರಸ್ತೆಯಲ್ಲಿ ನಿಂತು ನೋಡಿ, ಬೆನ್ನಿಗೆ ಗಿಟಾರ್ ಬ್ಯಾಗ್ ನೇತು ಹಾಕಿಕೊಂಡು ಹೋಗುವ ಮಕ್ಕಳು ಎಷ್ಟು ಜನ. ಕಲಿಯುತ್ತಿರುವುದೆಲ್ಲ ಫೋನಿನಲ್ಲಿ, ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ. ಎದುರಿಗೆ ಕೂತು ಒಬ್ಬ ನುಡಿಸುವುದನ್ನು, ತಪ್ಪುವುದನ್ನು, ತಪ್ಪಿದ ಸ್ವರವನ್ನೇ ಇನ್ನೊಂದು ಸಲ ನುಡಿಸಿ ಸರಿ ಮಾಡಿಕೊಳ್ಳುವುದನ್ನು ಅವರು ಕಂಡಿಲ್ಲ.

ದೊಡ್ಡ ಹೆಸರಿನವರೇ ಬರಬೇಕು ಅಂತ ನಾನು ಕೇಳುತ್ತಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಜಾಝ್ ಹುಡುಗರಿದ್ದಾರೆ, ಹುಡುಗಿಯರಿದ್ದಾರೆ. ಮೂರು ಮೂರೂವರೆ ಗಂಟೆ ದಾರಿ. ಬಂದವರಿಗೆ ಶಾಲು ಬದಲು ಸಂಭಾವನೆ ಕೊಡಿ, ಅದೇ ದಿನ, ಕವರಿನಲ್ಲಿ. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಜಾಗವೇ ಬೇಕು ಅಂತಲೂ ಇಲ್ಲ. ಇನ್ನೂರು ಕುರ್ಚಿ ಹಿಡಿಯುವ, ಬಾಗಿಲು ಮುಚ್ಚುವ ಒಂದು ಹಾಲ್ ಸಾಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಅನ್ನುತ್ತೀರಿ. 2000ದ ಶಬ್ದಮಾಲಿನ್ಯ ನಿಯಮದಲ್ಲೇ, ಮುಚ್ಚಿದ ಸಭಾಂಗಣದ ಒಳಗಿನವರಿಗಷ್ಟೇ ಕೇಳಿಸುವಂತೆ ಹಾಕಲು ವಿನಾಯಿತಿ ಇದೆ. ಈ ಸಂಗೀತಕ್ಕೆ ಗೋಡೆ ಅದುರಿಸುವ ಸದ್ದೂ ಬೇಕಿಲ್ಲ. ನಾನಿದ್ದೇನಲ್ಲ, ಮಿತಿಯಲ್ಲಿ ಇಡುತ್ತೇನೆ. ದಯವಿಟ್ಟು "ಸ್ವಲ್ಪ ಎಕೋ ಹಾಕಿ" ಅಂತ ಮಾತ್ರ ಹೇಳಬೇಡಿ.

ಸನ್ಮಾನ ಬೇಡ ಅಂತಲೂ ಅಲ್ಲ. ನಿಮಗೂ ನಾಲ್ಕು ಜನಕ್ಕೆ ಉತ್ತರ ಹೇಳಬೇಕಾಗುತ್ತದೆ, ಗೊತ್ತು. ಎಲ್ಲ ಮೊದಲೇ ಮುಗಿಸಿ. ಅತಿಥಿಗಳು ತಡವಾಗಿ ಬಂದರೆ ಹಿಂದಿನ ಬಾಗಿಲಿನಿಂದ ಬಂದು, ಖಾಲಿ ಇರುವ ಕುರ್ಚಿಯಲ್ಲಿ ಕೂತು ಕೇಳಲಿ. ಮುಂದಿನ ಸಾಲಿನ ಸೋಫಾ ತೆಗೆಸಿಬಿಟ್ಟರೆ ಇನ್ನೂ ಒಳ್ಳೆಯದು. ಬಿಳಿ ಬಟ್ಟೆ ಹೊದಿಸಿದ ಖಾಲಿ ಸೋಫಾ ನೋಡಿಕೊಂಡು ನುಡಿಸುವುದು ಯಾರಿಗೂ ಬೇಡ. ಅಲ್ಲಿ ಜಮಖಾನ ಹಾಸಿ ಆ ಗಿಟಾರ್ ಬ್ಯಾಗಿನ ಮಕ್ಕಳನ್ನು ಕೂರಿಸೋಣ.

ಹಳೇಬೀಡಿನ ಗೋಡೆ ಮೇಲೆ ಮದ್ದಳೆ ಬಾರಿಸುವವನನ್ನು ಕೆತ್ತಿದ್ದಾರೆ. ಎಂಟುನೂರು ವರ್ಷ ದಾಟಿತು, ಅವನನ್ನು ಯಾರೂ ಮಧ್ಯೆ ನಿಲ್ಲಿಸಿಲ್ಲ. ಅಷ್ಟು ಬೇಡ, ಒಂದೂವರೆ ಗಂಟೆ ಬಿಡಿ.

ಸೆಟ್ ನನ್ನದೇ, ಬಾಡಿಗೆ ಬೇಡ. ಸಾಗಣೆ, ಹುಡುಗರ ಕೂಲಿ ಎಲ್ಲ ನನಗೇ ಇರಲಿ. ನೀವು ದಿನ ಗೊತ್ತು ಮಾಡಿ ಹೇಳಿ, ಬೀಗದ ಕೈ ಮಧ್ಯಾಹ್ನ ಎರಡಕ್ಕೆ ಕೊಡಿ. ಆ ಹುಡುಗನ ನಂಬರು ಹುಡುಕಿಸುತ್ತಿದ್ದೇನೆ. ಸಿಕ್ಕಿದರೆ ಮೊದಲ ವರ್ಷ ಅವನನ್ನೇ ಕರೆಯೋಣ ಅಂತ ನನ್ನ ಆಸೆ. ಅವನು ಸುತ್ತಿಕೊಟ್ಟ ಕೇಬಲ್ಲುಗಳಲ್ಲಿ ಎರಡು ಇನ್ನೂ ಕೆಲಸ ಮಾಡುತ್ತಿವೆ.

ಇಂತಿ ನಿಮ್ಮ,
ಮೈಕ್ ಸೆಟ್ಟಿನವನು
ಹಾಸನ

ಮರೆತಿದ್ದೆ. ಯಾವ ಸಭಾಂಗಣ ಅಂತ ಗೊತ್ತಾದ ಕೂಡಲೇ ತಿಳಿಸಿ. ಒಂದು ವಾರ ಮೊದಲೇ ಬಂದು ಅರ್ತಿಂಗ್ ನೋಡಿ, ವೇದಿಕೆ ಮೇಲಿನ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ ಹೋಗುತ್ತೇನೆ. ಗಿಟಾರಿನವನು ಜನರ ಕಡೆ ಮುಖ ಮಾಡಿ ನಿಲ್ಲಲಿ.